ಪುಸ್ತಕದಲ್ಲಿ ಇಲ್ಲದ ಚಳಿ

ಮೀನು ತಿನ್ನದವನಿಗೆ ಮೀನಿನ ಊಟದ ಉಸಾಬರಿ ಏಕೆ ಎಂದು ನನ್ನ ಹೆಂಡತಿ ಒಂದಲ್ಲ ಹತ್ತು ಸಲ ಕೇಳಿದ್ದಾಳೆ. ಆಕೆಯ ಪ್ರಶ್ನೆ ನ್ಯಾಯವಾದದ್ದೇ. ಭಾನುವಾರ ಬೆಳಿಗ್ಗೆ ಇತರರ ಮನೆಯ ಗಂಡಸರು ಬಿಸಿಲಿಗೆ ಮೈಯೊಡ್ಡಿ ಕಡಲೆಕಾಯಿ ಬಿಡಿಸುತ್ತ ಕುಳಿತಿರುವಾಗ, ನಾನು ಕೋಟಿನ ಜೇಬಿನಲ್ಲಿ ಒಂದು ಉಷ್ಣಮಾಪಕ ಇಟ್ಟುಕೊಂಡು ಮೆಟ್ರೋ ಹತ್ತಿ ಹರಿಯಾಣದ ಬಹಾದೂರ್‌ಗಢಕ್ಕೆ ಹೋಗುತ್ತೇನೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಇದು ತಪ್ಪಿದ್ದಿಲ್ಲ. ಇದರ ಹಿಂದಿನ ಕಥೆ ಹೇಳಿಕೊಳ್ಳಲು ನನಗೇನೂ ಹೆಮ್ಮೆಯಿಲ್ಲ. ಆದರೂ ನಮ್ಮ ಸಂಘದ ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಹಿಡಿದು ನಿಲ್ಲಿಸಿದಾಗ ಬೇರೆ ಯಾವ ವಿಷಯವೂ ತೋಚಲಿಲ್ಲ.

ನಾನು ಕೊಪ್ಪ ತಾಲ್ಲೂಕಿನವನು. ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದೆ. ಆಮೇಲೆ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಗುಮಾಸ್ತನಾಗಿ ದೆಹಲಿ ಸೇರಿದೆ. ಕಪ್ಪೆಯ ನರಮಂಡಲ ಕತ್ತರಿಸಿ ತೋರಿಸಿದ ಕೈ ಅಂದಿನಿಂದ ಕಡತಕ್ಕೆ ಟ್ಯಾಗ್ ಕಟ್ಟುತ್ತಿದೆ. ಕಡತಗಳು ಈಗ ಗಣಕಯಂತ್ರಕ್ಕೆ ಹೋದವು, ಟ್ಯಾಗೂ ಹೋಯಿತು, ಆ ಮಾತು ಬೇರೆ. ಇಷ್ಟು ವರ್ಷಗಳಲ್ಲಿ ‘ನಿಮ್ಮ ಬಿ.ಎಸ್ಸಿ. ವಿಷಯ ಯಾವುದು’ ಎಂದು ಕಚೇರಿಯಲ್ಲಿ ಯಾರೂ ಕೇಳಿದವರಿಲ್ಲ. ಕೇಳಿದವರು ಒಬ್ಬರೇ, ಅವರೂ ಕಚೇರಿಯವರಲ್ಲ. ನಮ್ಮ ಸೆಕ್ಷನ್ನಿನ ಸಹೋದ್ಯೋಗಿಯೊಬ್ಬನ ದೊಡ್ಡಪ್ಪ.

ಹರಿಯಾಣದವರು ದೊಡ್ಡಪ್ಪನಿಗೆ ‘ತಾವೂ’ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ‘ತಾವು’ ಎಂದೇ ಬೀಳುವುದರಿಂದ ಮರ್ಯಾದೆ ತಾನಾಗಿಯೇ ಬಂದುಬಿಡುತ್ತದೆ. ತಾವೂಜಿ ಸೈನ್ಯದಿಂದ ಹವಾಲ್ದಾರರಾಗಿ ನಿವೃತ್ತರಾಗಿ ಝಜ್ಜರ್ ಜಿಲ್ಲೆಯ ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದವರು. 2019ರ ಜನವರಿಯಲ್ಲಿ ಕರ್ನಾಲ್ ಜಿಲ್ಲೆಯ ಬುಟಾನಾದ ಸುಲ್ತಾನ್ ಸಿಂಗ್ ಎಂಬ ಮೀನು ಕೃಷಿಕರಿಗೆ ಪದ್ಮಶ್ರೀ ಬಂತು. ಹಾಲು, ಮೊಸರು, ತುಪ್ಪದ ಆ ನಾಡಿನಲ್ಲಿ ಮೀನು ಸಾಕಿದವನಿಗೆ ಪದ್ಮಶ್ರೀ! ತಾವೂಜಿಯ ತಲೆಯಲ್ಲಿ ಹುಳ ಹೊಕ್ಕಿತು. ಊರಿನ ಜೋಹಡ್, ಅಂದರೆ ಊರಕೆರೆ, ಎರಡು ಎಕರೆಯಷ್ಟಿತ್ತು. ಪಂಚಾಯಿತಿ ಹರಾಜಿನಲ್ಲಿ ಅದನ್ನು ಗುತ್ತಿಗೆ ಹಿಡಿದರು. ಮೊದಲ ಕಂತಿಗೆ ಹಾಗೂ ಮೀನುಮರಿಗೆಂದು ಹಾಲು ಕರೆಯುತ್ತಿದ್ದ ಒಂದು ಎಮ್ಮೆ ಮಾರಿದರು. ಹರಿಯಾಣದವನು ಎಮ್ಮೆ ಮಾರುವುದೆಂದರೆ ನಮ್ಮ ಕಡೆಯವನು ಅಡಿಕೆ ತೋಟ ಅಡವಿಟ್ಟ ಹಾಗೆ.

ಸೋದರನ ಮಗನ ಕಚೇರಿಯಲ್ಲಿ ‘ಪ್ರಾಣಿಗಳ ಬಿ.ಎಸ್ಸಿ.’ ಮಾಡಿದ ಮದ್ರಾಸಿಯೊಬ್ಬನಿದ್ದಾನೆಂದು ತಿಳಿದದ್ದೇ ಅವರು ನನ್ನನ್ನು ಕರೆಸಿಕೊಂಡರು. ನಾನು ಮದ್ರಾಸಿಯಲ್ಲ, ಕರ್ನಾಟಕದವನು ಎಂದೆ. ‘ಅದೇ, ಅದೇ’ ಎಂದರು. ಪಾಲು ಕೊಡುತ್ತೇನೆಂದೂ ಹೇಳಿದರು. ಸರ್ಕಾರಿ ನೌಕರ ವ್ಯಾಪಾರದಲ್ಲಿ ತೊಡಗಬಾರದೆಂದು 1964ರ ನಡವಳಿಕೆ ನಿಯಮಗಳಲ್ಲಿ ಬರೆದಿದೆಯಲ್ಲ, ನಾನು ಪಾಲು ಬೇಡ, ಸಲಹೆ ಮಾತ್ರ ಕೊಡುತ್ತೇನೆ ಎಂದೆ. ಸಲಹೆಗೆ ಯಾವ ನಿಯಮದ ಅಡ್ಡಿಯೂ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಊರಿನಲ್ಲಿದ್ದ ನನ್ನ ಭಾವಮೈದುನನಿಗೆ ಹೇಳಿ ಸಿಹಿನೀರಿನ ಮೀನು ಸಾಕಣೆಯ ಒಂದು ಕನ್ನಡ ಕೈಪಿಡಿ ತರಿಸಿದೆ. ಸೊಗಸಾದ ಪುಸ್ತಕ. ಕಾಟ್ಲಾ ಮೇಲ್ನೀರಿನ ಮೀನು, ರೋಹು ನಡುನೀರಿನದು, ಮೃಗಾಲ್ ತಳದ್ದು. ಮೂರನ್ನೂ ಒಟ್ಟಿಗೆ ಬಿಟ್ಟರೆ ಒಂದರ ತಟ್ಟೆಗೆ ಇನ್ನೊಂದು ಕೈಹಾಕುವುದಿಲ್ಲ. ಜೊತೆಗೆ ಹುಲ್ಲುಗೆಂಡೆ, ಸಾಮಾನ್ಯ ಗೆಂಡೆಯನ್ನೂ ಸೇರಿಸಬಹುದು. ಹಿಂದೆಲ್ಲ ಈ ಜಾತಿಯ ಮರಿಗಳನ್ನು ಮಳೆಗಾಲದ ಹೊಳೆಯಿಂದಲೇ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಜಾತಿಯ ಮೀನು ಮೊಟ್ಟೆಯಿಡುವಂತೆ ಮಾಡಿದ ಮೇಲೆ ಮರಿ ಊರೂರಿಗೆ ಸಿಗುವಂತಾಯಿತು. ಇದನ್ನು ನಾನು ಬಿ.ಎಸ್ಸಿ.ಯಲ್ಲಿ ಓದಿದ್ದೆ. ತಾವೂಜಿಗೆ ವಿವರಿಸಿದಾಗ ಅವರು ಕಣ್ಣರಳಿಸಿ ಕೇಳಿದರು. ನನಗೂ ಎದೆ ಒಂದು ಅಂಗುಲ ಉಬ್ಬಿತು.

ಜುಲೈ ಕೊನೆಯಲ್ಲಿ ಬೆರಳುದ್ದದ ನಾಲ್ಕು ಸಾವಿರ ಮರಿ ಬಿಟ್ಟೆವು. ಊಟಕ್ಕೆ ಸಾಸಿವೆ ಹಿಂಡಿ ಮತ್ತು ಅಕ್ಕಿ ತೌಡು, ಸಮಸಮ. ನಮ್ಮ ಕಡೆ ಕಡಲೆಕಾಯಿ ಹಿಂಡಿ ಹಾಕುವ ಕಡೆ ಇಲ್ಲಿ ಸಾಸಿವೆಯದು. ಗೊಬ್ಬರದ ಖಾಲಿ ಚೀಲಕ್ಕೆ ಅಲ್ಲಲ್ಲಿ ತೂತು ಮಾಡಿ, ಮಿಶ್ರಣ ತುಂಬಿ, ಬಿದಿರ ಗಳಕ್ಕೆ ಕಟ್ಟಿ ನೀರಿನಲ್ಲಿ ಇಳಿಬಿಡುವುದು. ಮೀನು ಬಂದು ತೂತಿಗೆ ಬಾಯಿಟ್ಟು ತಿನ್ನುತ್ತದೆ. ಸಂಜೆ ಎತ್ತಿ ನೋಡಿದರೆ ಎಷ್ಟು ತಿಂದವೆಂದು ಗೊತ್ತಾಗುತ್ತದೆ. ಈ ಚೀಲದ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಕೈಪಿಡಿಯಲ್ಲಿ ಲೆಕ್ಕ ಸ್ಪಷ್ಟವಾಗಿತ್ತು. ಕೆರೆಯ ಮೀನಿನ ಒಟ್ಟು ತೂಕ ಅಂದಾಜು ಮಾಡಿ ಅದರ ನೂರಕ್ಕೆ ಮೂರು ಪಾಲು ದಿನಕ್ಕೆ ಆಹಾರ ಕೊಡುವುದು. ಡಿಸೆಂಬರ್ ಆರಂಭದಲ್ಲಿ ಬಲೆ ಬೀಸಿ ಕೆಲವನ್ನು ತೂಗಿದೆವು. ಸರಾಸರಿ 200 ಗ್ರಾಂ. ಸತ್ತುಹೋದವನ್ನು ಕಳೆದು ಮೂರೂವರೆ ಸಾವಿರ ಎಂದಿಟ್ಟುಕೊಂಡರೆ 700 ಕಿಲೋ. ನೂರಕ್ಕೆ ಮೂರು ಎಂದರೆ ದಿನಕ್ಕೆ 21 ಕಿಲೋ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದು, ಕೆಳಗೆ ಸಹಿ ಬೇರೆ ಮಾಡಿ ಕೊಟ್ಟೆ. ಗುಮಾಸ್ತನ ಚಟ.

ನವೆಂಬರ್ ಕೊನೆಯಿಂದಲೇ ಚೀಲಗಳು ಅರ್ಧ ತುಂಬಿಕೊಂಡೇ ಮೇಲೆ ಬರುತ್ತಿದ್ದವು. ತಾವೂಜಿ ಚಿಂತೆಗೊಳಗಾದರು. ಚಳಿಗಾಲವೆಂದರೆ ಉತ್ತರದೇಶದಲ್ಲಿ ತಿನ್ನುವ ಕಾಲ. ಗೋಂದಿನ ಲಾಡು, ಗಜಕ್, ಬೆಣ್ಣೆ ತೇಲುವ ಸಾಸಿವೆ ಸೊಪ್ಪು. ಎಮ್ಮೆಗೂ ಬೆಲ್ಲ, ಎಣ್ಣೆ ಹೆಚ್ಚಾಗಿ ಕೊಡುತ್ತಾರೆ. ಇಂಥ ಹೊತ್ತಿನಲ್ಲಿ ಮೀನು ಅರ್ಧಹೊಟ್ಟೆಯಲ್ಲಿದ್ದರೆ ಹೇಗೆ? ಹಿಂಡಿಗೆ ಬೆಲ್ಲ ಕಲಸೋಣವೇ ಎಂದು ಕೇಳಿದರು. ರುಚಿಗೆ ತಿಂದಾವು, ಆಗಲಿ ಎಂದೆ. ಚೀಲದ ಬಳಿಗೆ ಬರಲು ಚಳಿಗೆ ಸೋಮಾರಿತನವೇನೋ, ಕೈಯಿಂದಲೇ ಎರಚಿಬಿಡೋಣ ಎಂದರು. ಅದಕ್ಕೂ ಆಗಲಿ ಎಂದೆ. ನನ್ನ ಮನಸ್ಸಿನಲ್ಲಿ ಆಗ ಇದ್ದದ್ದು ಶೃಂಗೇರಿಯ ತುಂಗೆ. ಅಮ್ಮ ನನ್ನ ಕೈಗೆ ಮಂಡಕ್ಕಿ ಕೊಟ್ಟು ‘ಹಾಕು, ಪುಣ್ಯ ಬರ್ತದೆ’ ಎನ್ನುತ್ತಿದ್ದಳು. ಮೆಟ್ಟಿಲ ಬಳಿ ತೊಡೆಗಾತ್ರದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತಿದ್ದವು. ಎಷ್ಟು ಹಾಕಿದರೂ ಸಾಲದು. ಮೀನೆಂದರೆ ನನಗೆ ಅಂದಿನಿಂದ ಅದೇ ಚಿತ್ರ. ಮೀನಿಗೆ ಹಸಿವಿಲ್ಲದೆ ಇರುವುದೂ ಉಂಟು ಎಂದು ಹೊಳೆಯಲೇ ಇಲ್ಲ.

2019ರ ಡಿಸೆಂಬರ್ ಇಲ್ಲಿರುವವರಿಗೆಲ್ಲ ನೆನಪಿರಬೇಕು. ಸೂರ್ಯನೇ ರಜೆ ಹಾಕಿ ಹೋದಂತಿದ್ದ ಎರಡು ವಾರ. ಡಿಸೆಂಬರ್ 30ರಂದು ಸಫ್ದರ್‌ಜಂಗ್‌ನಲ್ಲಿ ಹಗಲಿನ ಗರಿಷ್ಠ ಉಷ್ಣತೆಯೇ 9.4 ಡಿಗ್ರಿ. ನಾವು ಕೋಣೆಯ ಹೀಟರಿನ ಮುಂದೆ ಕುಳಿತು ‘ಊರಿನಲ್ಲಿ ಈಗ ಎಷ್ಟು ಚೆನ್ನಾಗಿರುತ್ತದೆ’ ಎಂದು ಮಾತಾಡಿಕೊಳ್ಳುತ್ತಿದ್ದೆವು. ಝಜ್ಜರ್‌ನ ಕೆರೆಗೆ ದಿನಕ್ಕೆ 21 ಕಿಲೋ ಹಿಂಡಿ, ತೌಡು, ಮೇಲೆ ಬೆಲ್ಲ, ನನ್ನ ಸಹಿಯ ಪ್ರಕಾರ ತಪ್ಪದೆ ಬೀಳುತ್ತಿತ್ತು.

ಜನವರಿ 1ರ ಬೆಳಿಗ್ಗೆ ಆರೂವರೆಗೆ ಫೋನ್ ಬಂತು. ಹೊಸ ವರ್ಷದ ಶುಭಾಶಯವೆಂದು ಎತ್ತಿದೆ. ‘ಬಾಬೂಜಿ, ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ.’

ಅಂದು ಕಚೇರಿಗೆ ಆರ್.ಎಚ್. ಹಾಕಿದೆ. ಹಸಿರು ಮಾರ್ಗದ ಕೊನೆಯ ನಿಲ್ದಾಣದಲ್ಲಿಳಿದು ಸಹೋದ್ಯೋಗಿಯ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತೆ. ಮಂಜಿನಲ್ಲಿ ಹತ್ತು ಮಾರು ಮುಂದಿನ ಟ್ರ್ಯಾಕ್ಟರ್ ಕಾಣದು. ಕೆರೆಯ ದಂಡೆಗೆ ಬಂದಾಗ ಬೂದುಬಣ್ಣದ ನೀರು, ಅದರ ಮೇಲೆ ಸಾಲು ಸಾಲು ಬಾಯಿಗಳು. ತುಂಗೆಯ ಮೆಟ್ಟಿಲ ಬಳಿ ಕಂಡ ಬಾಯಿಗಳಂತೆಯೇ. ಆದರೆ ಇವು ಕೇಳುತ್ತಿದ್ದದ್ದು ಮಂಡಕ್ಕಿಯನ್ನಲ್ಲ, ಉಸಿರನ್ನು. ದಡದಂಚಿನಲ್ಲಿ ಆಗಲೇ ಬಿಳಿಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಹೆಚ್ಚಿನವು ಕಾಟ್ಲಾ.

ಮಧ್ಯಾಹ್ನದ ಹೊತ್ತಿಗೆ ಜಿಲ್ಲೆಯ ಮೀನುಗಾರಿಕೆ ಅಧಿಕಾರಿಯೊಬ್ಬರು ಬಂದರು. ಒಳ್ಳೆಯ ಮನುಷ್ಯ, ಬಯ್ಯಲಿಲ್ಲ. ಬಿದಿರ ಗಳವನ್ನು ತಳಕ್ಕೆ ಚುಚ್ಚಿ ಎತ್ತಿದರು. ತುದಿಗೆ ಕರೀ ಕೆಸರು, ಕೊಳೆತ ಮೊಟ್ಟೆಯ ನಾತ. ಸತ್ತ ರೋಹುವೊಂದರ ಹೊಟ್ಟೆ ಸೀಳಿದರು. ಗೆಂಡೆ ಜಾತಿಗೆ ಜಠರವೆಂಬುದಿಲ್ಲ, ಉದ್ದನೆಯ ಕರುಳಷ್ಟೇ. ಆ ಕರುಳಿನಲ್ಲಿ ಸಾಸಿವೆ ಹಿಂಡಿ ಹಾಕಿದ್ದು ಹಾಕಿದ ಹಾಗೆಯೇ ಇತ್ತು. ‘ಊಟ ಎಷ್ಟು ಹಾಕುತ್ತಿದ್ದಿರಿ?’ ಎಂದು ಕೇಳಿದರು. ತಾವೂಜಿ ನನ್ನ ನೋಟ್‌ಬುಕ್ಕನ್ನು ತಂದು ಅವರ ಕೈಗಿತ್ತರು. ದೂರು ಹೇಳಲೆಂದಲ್ಲ, ದಾಖಲೆ ಸರಿಯಾಗಿದೆ ಎಂದು ತೋರಿಸಲು. ಅಧಿಕಾರಿ ಪುಟ ತಿರುವಿ, ಕೊನೆಯ ಸಹಿ ನೋಡಿ, ನನ್ನ ಮುಖ ನೋಡಿದರು.

ಮೀನು ಶೀತರಕ್ತ ಪ್ರಾಣಿ. ಇದನ್ನು ನಾನು ಪಿ.ಯು.ಸಿ.ಯಿಂದ ಬಿ.ಎಸ್ಸಿ.ವರೆಗೆ ಎಷ್ಟು ಸಲ ಬರೆದು ಅಂಕ ಪಡೆದಿದ್ದೇನೋ! ನಮ್ಮಂಥ ಬಿಸಿರಕ್ತದವರು ಚಳಿಯಲ್ಲಿ ಮೈಯನ್ನು ಬೆಚ್ಚಗಿಡಲು ಹೆಚ್ಚು ತಿಂದು ಹೆಚ್ಚು ಸುಡುತ್ತೇವೆ. ಎಮ್ಮೆಯೂ ಹಾಗೆಯೇ. ಮೀನಿಗೆ ಆ ಒಲೆಯೇ ಇಲ್ಲ. ನೀರು ತಣ್ಣಗಾದಂತೆ ಅದರ ಮೈಯೂ ತಣ್ಣಗಾಗುತ್ತದೆ. ಹತ್ತು ಡಿಗ್ರಿ ಇಳಿದರೆ ಮೈಯೊಳಗಿನ ರಾಸಾಯನಿಕ ಕೆಲಸ ಅರ್ಧಕ್ಕೋ ಮೂರರಲ್ಲೊಂದಕ್ಕೋ ಇಳಿಯುತ್ತದೆ. ಜೀರ್ಣರಸ ಕುಂಠಿತ, ಕರುಳಿನ ಚಲನೆ ಮಂದ, ಹಸಿವು ಕಡಿಮೆ. ನಮ್ಮ ಕಾಟ್ಲಾ, ರೋಹು, ಮೃಗಾಲ್ ಹುಲುಸಾಗಿ ತಿಂದು ಬೆಳೆಯುವುದು 25ರಿಂದ 32 ಡಿಗ್ರಿಯ ನೀರಿನಲ್ಲಿ. 20ರ ಕೆಳಗೆ ಬಂತೋ ಊಟದ ಆಸೆ ಇಳಿಯುತ್ತದೆ, 15ರ ಸುತ್ತಮುತ್ತ ಹೆಚ್ಚುಕಡಿಮೆ ಉಪವಾಸ. ಶೀತಪ್ರದೇಶದಿಂದ ಬಂದ ಸಾಮಾನ್ಯ ಗೆಂಡೆ ಇನ್ನೂ ಸ್ವಲ್ಪ ತಡೆದುಕೊಳ್ಳುತ್ತದೆ. ಹಾಗಾಗಿ ಮೂರು ಪಾಲಿನ ಲೆಕ್ಕ ಚಳಿಗಾಲದಲ್ಲಿ ಒಂದಕ್ಕೆ, ಅರ್ಧಕ್ಕೆ, ತೀರ ಕೊರೆಯುವ ದಿನಗಳಲ್ಲಿ ಸೊನ್ನೆಗೆ ಬರಬೇಕು. ಆ ಚೀಲಗಳು ಅರ್ಧ ತುಂಬಿ ಮೇಲೆ ಬಂದಾಗ ಮೀನುಗಳು ಇದನ್ನೇ ನಮಗೆ ಹೇಳಿ ಕಳುಹಿಸುತ್ತಿದ್ದವು. ಓದಿದವನು ನಾನೊಬ್ಬನೇ, ನನಗೇ ಓದಲು ಬರಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಹಾದಿ ತಪ್ಪಿಸಿತ್ತು. ತಣ್ಣನೆಯ ನೀರು ಹೆಚ್ಚು ಆಮ್ಲಜನಕ ಹಿಡಿದುಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆದರೆ 10 ಡಿಗ್ರಿಯಲ್ಲಿ 11ಕ್ಕಿಂತ ಮೇಲೆ. ಚಳಿಯಲ್ಲಿ ಉಸಿರಿಗೆ ಕೊರತೆಯಾಗದು ಎಂದು ನಾನೇ ತಾವೂಜಿಗೆ ಧೈರ್ಯ ಹೇಳಿದ್ದೆ. ಹಿಡಿದುಕೊಳ್ಳಬಲ್ಲದು ಎನ್ನುವುದು ಬೇರೆ, ಇದೆ ಎನ್ನುವುದು ಬೇರೆ. ಕೆರೆಗೆ ಆಮ್ಲಜನಕ ಬಹುಪಾಲು ಬರುವುದು ಬಿಸಿಲು ಕಂಡ ಹಸಿರು ಪಾಚಿಯಿಂದ. ಎರಡು ವಾರ ಮಂಜು ಮುಚ್ಚಿದರೆ ಆ ಕಾರ್ಖಾನೆ ಬಂದ್. ಇತ್ತ ತಳದಲ್ಲಿ ನೂರಾರು ಕಿಲೋ ಹಿಂಡಿ ಕೊಳೆಯುತ್ತ ಇದ್ದಬದ್ದ ಆಮ್ಲಜನಕವನ್ನು ಎಳೆದುಕೊಳ್ಳುತ್ತಿತ್ತು, ಸಾಲದ್ದಕ್ಕೆ ಅಮೋನಿಯಾ ಬಿಡುತ್ತಿತ್ತು. ನಸುಕಿನಲ್ಲಿ ಉಸಿರು ಕಟ್ಟದೆ ಇನ್ನೇನಾದೀತು?

ಅಧಿಕಾರಿ ಹೇಳಿದ್ದು ಎರಡೇ ಮಾತು. ಊಟ ಪೂರ್ತಿ ನಿಲ್ಲಿಸಿ. ಬೋರಿನ ನೀರು ಬಿಡಿ. ಭೂಮಿಯೊಳಗಿನ ನೀರು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದ, 24–25 ಡಿಗ್ರಿ. ಅದಕ್ಕೇ ಈ ಕಡೆ ಜನವರಿಯಲ್ಲಿ ಟ್ಯೂಬ್‌ವೆಲ್ಲಿನ ಬಾಯಿಂದ ಹಬೆ ಏಳುತ್ತದೆ, ಹಳ್ಳಿಯವರು ಅಲ್ಲೇ ಸ್ನಾನ ಮುಗಿಸುತ್ತಾರೆ. ಆದರೆ ಆ ನೀರಿನಲ್ಲಿ ಆಮ್ಲಜನಕ ಕಡಿಮೆ, ನೇರವಾಗಿ ಬಿಡದೆ ಎತ್ತರದಿಂದ ಧುಮುಕಿಸಿ ಕಾಲುವೆಯಲ್ಲಿ ಹರಿಸಿ ಬಿಡಬೇಕು. ಝಜ್ಜರ್, ರೋಹತಕ್ ಕಡೆ ಎಷ್ಟೋ ಬಾವಿಗಳ ನೀರು ಉಪ್ಪು. ರೋಹತಕ್ ಹತ್ತಿರದ ಲಾಹ್ಲಿಯಲ್ಲಿ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆಯವರು ಈ ಉಪ್ಪುನೀರಿನಲ್ಲಿ ಸೀಗಡಿ ಬೆಳೆಸುವುದನ್ನೇ ಕಲಿಸುತ್ತಾರೆ. ತಾವೂಜಿಯ ಬೋರಿನದು ಸ್ವಲ್ಪ ಸವಳು, ಗೆಂಡೆಗೆ ನಡೆಯುವಂಥದ್ದು. ಅಷ್ಟು ಪುಣ್ಯ.

ಐದು ದಿನಗಳಲ್ಲಿ ಸತ್ತವು 640. ನಾನೇ ಎಣಿಸಿದೆ. ಸುಣ್ಣ ಹಾಕಿ ಹೂಳಿದೆವು. ಮೊದಲ ದಿನ ಸಂಜೆ ಮನೆಗೆ ಕರೆದೊಯ್ದು ತಾಯಿಜಿ, ಅಂದರೆ ತಾವೂಜಿಯ ಹೆಂಡತಿ, ಲೋಟ ತುಂಬ ಬಿಸಿ ಹಾಲು, ಸಜ್ಜೆ ರೊಟ್ಟಿ, ಬೆಲ್ಲ ಮುಂದಿಟ್ಟರು. ಗಂಟಲಿನಲ್ಲಿ ಇಳಿಯಲಿಲ್ಲ. ‘ತಿನ್ನಿ ಬಾಬೂಜಿ, ಚಳಿ’ ಎಂದರು. ಎಷ್ಟೋ ಹೊತ್ತಾದ ಮೇಲೆ ತಾವೂಜಿ ಹುಕ್ಕಾ ಬದಿಗಿಟ್ಟು ಕೇಳಿದರು: ‘ಬಾಬೂಜಿ, ನಿಮ್ಮ ಪುಸ್ತಕದಲ್ಲಿ ಚಳಿ ಇರಲಿಲ್ಲವೇ?’

ವ್ಯಂಗ್ಯವಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ. ಮನೆಗೆ ಬಂದು ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದೆ. ಇರಲಿಲ್ಲ. ಬರೆದವರ ತಪ್ಪೇನೂ ಅಲ್ಲ. ಭದ್ರೆಯ ಬಯಲಿಗೆ, ಮಂಡ್ಯದ ಕೆರೆಗಳಿಗೆ ಬರೆದ ಪುಸ್ತಕ ಅದು. ಮಾಗಿಯ ಚಳಿ ಎಂದು ನಾವು ಊರಿನಲ್ಲಿ ಕಂಬಳಿ ಹೊದ್ದದ್ದು ನಿಜ, ಆದರೆ ಅಲ್ಲಿನ ಕೆರೆಯ ನೀರು ಮೀನು ಊಟ ಬಿಡುವಷ್ಟು ತಣ್ಣಗಾಗುವುದಿಲ್ಲ. ಅಲ್ಲಿ ಆ ಅಧ್ಯಾಯ ಬೇಕಿಲ್ಲ. ಇಲ್ಲಿ ಇಷ್ಟು ವರ್ಷ ಚಳಿಗೆ ನಡುಗಿ, ಸ್ವೆಟರಿನ ಮೇಲೆ ಸ್ವೆಟರು ಹಾಕಿದ ನಾನೇ ಅದನ್ನು ಸೇರಿಸಿಕೊಳ್ಳಬೇಕಿತ್ತು.

ಹಣ ಕೊಡಲು ಹೋದೆ, ತಾವೂಜಿ ಮುಟ್ಟಲಿಲ್ಲ. ‘ಎಮ್ಮೆ ಸತ್ತರೆ ವೈದ್ಯನಿಂದ ಹಣ ಕೇಳುತ್ತಾರೆಯೇ?’ ಎಂದರು. ನಾನು ವೈದ್ಯನೂ ಅಲ್ಲವಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ನಾಲ್ಕು ತಿಂಗಳು ನಾನು ಆ ಕಡೆ ಹೋಗಲಾಗಲಿಲ್ಲ. ಉಳಿದ ಮೀನನ್ನು ಅವರು ಬೇಸಿಗೆಯಲ್ಲಿ ಕೆರೆದಂಡೆಯಲ್ಲೇ ಸಿಕ್ಕ ಬೆಲೆಗೆ ಮಾರಿ ಗುತ್ತಿಗೆಯ ಕಂತು ಕಟ್ಟಿದರು. ಎಮ್ಮೆ ಮತ್ತೆ ಕೊಟ್ಟಿಗೆಗೆ ಬಂದದ್ದು 2022ರಲ್ಲಿ.

ಈಗ ನಮ್ಮಲ್ಲಿ ಬೇರೆ ನೋಟ್‌ಬುಕ್ ಇದೆ. ದೀಪಾವಳಿಗೆ ಮೊದಲು ಕೆರೆಯ ನೀರನ್ನು ಆರಡಿಗೆ ಏರಿಸುತ್ತೇವೆ, ಆಳವಿದ್ದರೆ ತಳ ಬೇಗ ತಣಿಯುವುದಿಲ್ಲ. ದಕ್ಷಿಣದ ದಂಡೆಯ ಕೀಕರ್ ಗಿಡಗಳ ಕೊಂಬೆ ಸವರಿ ಬಿಸಿಲು ಬೀಳುವಂತೆ ಮಾಡುತ್ತೇವೆ. ಸಗಣಿ ಗೊಬ್ಬರ ಬಂದ್. ಚಳಿಯಲ್ಲಿ ಮೈಮೇಲೆ ಕೆಂಪು ಹುಣ್ಣೇಳುವ ರೋಗವೊಂದುಂಟು, 1988ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟದ್ದು, ಒಂದು ಬಗೆಯ ಬೂಷ್ಟಿನಿಂದ ಬರುತ್ತದೆ. ಅದಕ್ಕಾಗಿ ಸುಣ್ಣ ಹಾಕುವುದು, ಬಲೆ ಬೀಸಿ ಮೀನಿನ ಮೈ ತರಚದಂತೆ ನೋಡಿಕೊಳ್ಳುವುದು. ಊಟ ದಿನಕ್ಕೊಂದೇ ಸಲ, ಮಧ್ಯಾಹ್ನ, ಬಿಸಿಲಿದ್ದರೆ ಮಾತ್ರ, ಚೀಲದಲ್ಲಿ ಮಾತ್ರ. ಲೂಧಿಯಾನದ ಗುರು ಅಂಗದ್ ದೇವ್ ಪಶುವೈದ್ಯ ವಿಶ್ವವಿದ್ಯಾಲಯದವರು ಪಂಜಾಬಿನ ರೈತರಿಗೆ ಕೊಡುವ ಸಲಹೆಯೂ ಬಹುಪಾಲು ಇದೇ ಎಂದು ಆಮೇಲೆ ತಿಳಿಯಿತು. ಕೇಳಿದ್ದರೆ ಮೊದಲೇ ತಿಳಿಯುತ್ತಿತ್ತು.

ಕಷ್ಟವಿರುವುದು ಇದ್ಯಾವುದರಲ್ಲೂ ಅಲ್ಲ, ಸುಮ್ಮನಿರುವುದರಲ್ಲಿ. ಹೋದ ಜನವರಿಯ ಒಂದು ಭಾನುವಾರ ದಾರ ಕಟ್ಟಿದ ಉಷ್ಣಮಾಪಕ ಇಳಿಬಿಟ್ಟು ಎತ್ತಿದರೆ 13 ಡಿಗ್ರಿ. ಕೆರೆ ನಿಶ್ಚಲ. ಮೂರು ಸಾವಿರ ಮೀನು ಒಳಗಿವೆ ಎಂದು ಯಾರೂ ಹೇಳಲಾರರು. ಕಂಬಳಿ ಹೊದ್ದ ತಾವೂಜಿ ಮುಷ್ಟಿಯಲ್ಲಿ ಹಿಂಡಿ ಹಿಡಿದು ನಿಂತಿದ್ದರು. ‘ಒಂದೇ ಒಂದು ಹಿಡಿ?’ ಎಂದರು. ನಾನು ತಲೆಯಾಡಿಸಿದೆ. ಹಿಂಡಿಯನ್ನು ಒಯ್ದು ಎಮ್ಮೆಗೆ ಹಾಕಿ ಬಂದರು. ಅದೇ ಹೊತ್ತಿಗೆ ಊರಿನಿಂದ ಅಮ್ಮನ ಫೋನು. ಎಲ್ಲಿದ್ದೀಯ ಎಂದಳು, ಮೀನಿನ ಕೆರೆ ಎಂದೆ. ‘ಏನಾದ್ರೂ ಹಾಕಿದ್ಯಾ ಅವಕ್ಕೆ?’

‘ಇಲ್ಲಮ್ಮ. ಹದಿನೈದು ದಿನ ಆಯ್ತು.’

‘ಅಯ್ಯೋ, ಪಾಪ’ ಎಂದಳು. ಶೀತರಕ್ತದ ವಿಷಯ ವಿವರಿಸಲು ಹೊರಟೆ. ಅವಳು ಕೇಳಿಸಿಕೊಳ್ಳಲಿಲ್ಲ. ‘ನೀನಾದ್ರೂ ಸರಿಯಾಗಿ ಉಣ್ತಿದೀಯ ತಾನೆ?’ ಎಂದು ಫೋನಿಟ್ಟಳು.

ಫೆಬ್ರವರಿ ಎರಡನೇ ವಾರ ಬಿಸಿಲು ಬಲಿಯಿತು. ನೀರು 19ಕ್ಕೆ ಬಂದಿದೆಯೆಂದು ತಿಳಿದು, ಎರಡು ಕಿಲೋ ಮಾತ್ರ ಚೀಲಕ್ಕೆ ಕಟ್ಟಿ ನೋಡಿ ಎಂದಿದ್ದೆ. ಮರುದಿನ ಸಂಜೆ ಕಚೇರಿಯಿಂದ ಹೊರಬೀಳುತ್ತಿದ್ದಾಗ ತಾವೂಜಿಯ ಫೋನ್. ನಮಸ್ಕಾರವೂ ಇಲ್ಲ, ಯೋಗಕ್ಷೇಮವೂ ಇಲ್ಲ.

‘ಬಾಬೂಜಿ, ಚೀಲ ಖಾಲಿ!’

ನಾಳೆ ನಾಲ್ಕು ಕಿಲೋ ಎಂದೆ.